ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, ಐಐಟಿಯ ಆಸೆ: ಒಬ್ಬ ತಾಯಿಯ ಪತ್ರಕ್ಕೆ ಉತ್ತರ

ಪ್ರಶ್ನೆ: ಸರ್, ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಮೂರೂವರೆ ಎಕರೆ ತೆಂಗಿನ ತೋಟವಿದೆ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಒಂದನೇ ತರಗತಿಯಿಂದಲೂ ಇದೇ ಊರು, ಕನ್ನಡ ಮಾಧ್ಯಮ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಪಾಸು ಮಾಡಿ ವಿದ್ಯಾರ್ಥಿವೇತನ ಪಡೆಯುತ್ತಿದ್ದಾಳೆ. ಗಣಿತವೆಂದರೆ ಅವಳಿಗೆ ಪ್ರಾಣ, ಆದರೆ ನಿಧಾನ. ಒಂದು ಲೆಕ್ಕ ಹಿಡಿದರೆ ಅರ್ಧ ಗಂಟೆ ಅಲ್ಲೇ ಕೂರುತ್ತಾಳೆ. ಸಂಬಂಧಿಕರ ಮಾತು ಕೇಳಿ ದಾವಣಗೆರೆಯಲ್ಲಿ ಫೌಂಡೇಶನ್ ಕೋರ್ಸ್ ಇರುವ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗಿ ವಿಚಾರಿಸಿದೆವು. ಹಾಸ್ಟೆಲ್ ಸೇರಿ ವರ್ಷಕ್ಕೆ 1 ಲಕ್ಷ 80 ಸಾವಿರ ರೂಪಾಯಿ. “ಒಂಬತ್ತರಲ್ಲೇ ಸೇರಿಸದಿದ್ದರೆ ಐಐಟಿ ಆಸೆ ಬಿಟ್ಟುಬಿಡಿ, ಕನ್ನಡ ಮಾಧ್ಯಮದವರು ಅಲ್ಲಿ ನಿಲ್ಲುವುದಿಲ್ಲ” ಎಂದರು. ನಮ್ಮ ಯಜಮಾನರು ತೋಟದ ಮೇಲೆ ಸಾಲ ತೆಗೆಯಲು ಹೊರಟಿದ್ದಾರೆ. ಮಗಳು ಹೋಗುವುದಿಲ್ಲ ಎಂದು ಅತ್ತಳು. ಮರುದಿನ ಅವಳೇ ಬಂದು “ಹೋಗದಿದ್ದರೆ ಮುಂದೆ ನನ್ನ ಕೈಲಿ ಆಗುತ್ತದಾ ಅಮ್ಮ?” ಎಂದು ಕೇಳಿದಳು. ನಾವು ಏನು ಮಾಡಬೇಕು?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದರೊಳಗೊಂದು ಸುತ್ತಿಕೊಂಡಿವೆ. ತಡವಾಗಿಬಿಟ್ಟಿತೇನೋ ಎಂಬುದು ಒಂದು, ಕನ್ನಡದಲ್ಲಿ ಓದಿದ್ದೇ ತಪ್ಪಾಯಿತೇನೋ ಎಂಬುದು ಇನ್ನೊಂದು. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿದ್ದೇನೆ. ಸೀಟು ಹಂಚಿಕೆಯ ದಿನಗಳಲ್ಲಿ ನೂರಾರು ತಂದೆತಾಯಿಯರ ಪಕ್ಕದಲ್ಲಿ ಕುಳಿತು ಕಾಲೇಜುಗಳ ಆಯ್ಕೆಪಟ್ಟಿ ತುಂಬಿಸಿದ್ದೇನೆ. ಆ ಅನುಭವದ ಮೇಲೆ ಮೊದಲೇ ಹೇಳಿಬಿಡುತ್ತೇನೆ: ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಮಗಳನ್ನು ಈಗಿರುವ ಶಾಲೆಯಿಂದ ಕದಲಿಸಬೇಡಿ, ತೋಟದ ಮೇಲೆ ಸಾಲ ಮಾಡಬೇಡಿ. ಯಾಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ತಡವಾಯಿತು ಎಂಬ ಮಾತಿನಿಂದ ಶುರು ಮಾಡೋಣ. ಐಐಟಿಗೆ ಹೋಗುವ ದಾರಿಯಲ್ಲಿ ಎರಡು ಪರೀಕ್ಷೆಗಳಿವೆ, ಮೊದಲು ಜೆಇಇ ಮೇನ್, ಅದರಲ್ಲಿ ಮುಂದೆ ಬಂದ ಸುಮಾರು ಎರಡೂವರೆ ಲಕ್ಷ ಮಂದಿಗೆ ಜೆಇಇ ಅಡ್ವಾನ್ಸ್ಡ್. ಎರಡರ ಪಠ್ಯವೂ ಪಿಯುಸಿಯ ಎರಡು ವರ್ಷಗಳದ್ದು. ನಮ್ಮ ಪಿಯು ವಿಜ್ಞಾನ ವಿಭಾಗದಲ್ಲಿ ಓದಿಸುವುದೂ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ. ಎಸ್‌ಎಸ್‌ಎಲ್‌ಸಿ ಅಂಕ ಈ ರ‍್ಯಾಂಕಿಗೆ ಸೇರುವುದಿಲ್ಲ. ಒಂಬತ್ತನೇ ತರಗತಿಯ ಮಗುವಿಗೆ ಫೌಂಡೇಶನ್ ಹೆಸರಿನಲ್ಲಿ ಕಲಿಸುವುದರಲ್ಲಿ ಬಹುಪಾಲು ಹನ್ನೊಂದನೇ ತರಗತಿಯ ಪಾಠವನ್ನೇ ಮುಂಚಿತವಾಗಿ ಅರೆಬರೆ ಹೇಳಿಕೊಡುವುದು. ಹಾಗೆ ಕಲಿತು ಬಂದ ಮಕ್ಕಳನ್ನು ನಾನು ಪ್ರಥಮ ಪಿಯುಸಿಯಲ್ಲಿ ನೋಡಿದ್ದೇನೆ. ಸೂತ್ರ ಥಟ್ಟನೆ ಹೇಳುತ್ತಾರೆ, ಅದು ಎಲ್ಲಿಂದ ಬಂತು ಎಂದು ಕೇಳಿದರೆ ಕಣ್ಣು ಪಿಳಿಪಿಳಿ ಬಿಡುತ್ತಾರೆ. ಗೊತ್ತಿದೆ ಎಂಬ ಭಾವನೆಯಿಂದ ಎರಡನೇ ಸಲ ಕಿವಿಗೊಟ್ಟು ಕೇಳುವುದೂ ಇಲ್ಲ.

ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. 16 ವರ್ಷ ತುಂಬದ ಅಥವಾ ಹತ್ತನೇ ತರಗತಿ ಪರೀಕ್ಷೆ ಮುಗಿಸದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ರ‍್ಯಾಂಕಿನ ಭರವಸೆ ಕೊಡಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಶಾಲೆಯ ಹೆಸರಿನಡಿ ಕೋಚಿಂಗ್ ನಡೆಸುವವರು ಅದರ ಸಂದಿಯಲ್ಲಿ ನುಸುಳಿಕೊಳ್ಳುತ್ತಾರೆ. ಹದಿನಾಲ್ಕು ವರ್ಷದ ಹುಡುಗಿಯ ಎದುರು “ಆಸೆ ಬಿಟ್ಟುಬಿಡಿ” ಎಂದು ಹೇಳಿ ತಂದೆತಾಯಿಯಿಂದ ಹಣ ಕಟ್ಟಿಸಿಕೊಳ್ಳುವುದು ನನಗೆ ಸಿಟ್ಟು ತರಿಸುವ ಸಂಗತಿ. ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ಇನ್ನು ಕನ್ನಡ ಮಾಧ್ಯಮದ ಮಾತು. ಇಲ್ಲಿ ಸುಳ್ಳಿನ ಜೊತೆಗೆ ಒಂದು ನಿಜವೂ ಇದೆ, ಆ ನಿಜವನ್ನು ಎದುರಿಸಬೇಕು. ಜೆಇಇ ಮೇನ್ ಮತ್ತು ವೈದ್ಯಕೀಯಕ್ಕೆ ಇರುವ ನೀಟ್, ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇದೆ. ಪಿಯು ವಿಜ್ಞಾನದ ಪಾಠಗಳೂ ಇಂಗ್ಲಿಷಿನಲ್ಲೇ ನಡೆಯುತ್ತವೆ. ಹಾಗಾಗಿ ಒಂದು ದಿನ ಅವಳು ಇಂಗ್ಲಿಷಿಗೆ ದಾಟಲೇಬೇಕು. ದಾಟುವುದು ಯಾವಾಗ, ಹೇಗೆ ಎಂಬುದಷ್ಟೇ ಪ್ರಶ್ನೆ.

ಒಂದು ಜೂನ್ ತಿಂಗಳ ತರಗತಿ ನೆನಪಾಗುತ್ತದೆ. “ಆಕ್ಸಲರೇಷನ್ ಎಂದರೇನು?” ಎಂದು ಕೇಳಿದೆ. ಮೂರನೇ ಬೆಂಚಿನಲ್ಲಿದ್ದ ಹಳ್ಳಿಯ ಹುಡುಗಿ ತಲೆ ತಗ್ಗಿಸಿದಳು. ತರಗತಿ ಮುಗಿದ ಮೇಲೆ ಕರೆದು “ವೇಗೋತ್ಕರ್ಷ ಗೊತ್ತೇನಮ್ಮ?” ಎಂದೆ. ಅವಳು ಸೀಮೆಸುಣ್ಣ ತೆಗೆದುಕೊಂಡು ವೇಗ–ಕಾಲದ ನಕ್ಷೆ ಬರೆದು, ಅದರ ಇಳಿಜಾರೇ ವೇಗೋತ್ಕರ್ಷ ಎಂದು ತೋರಿಸಿ, ನಕ್ಷೆಯ ಕೆಳಗಿನ ವಿಸ್ತೀರ್ಣದಿಂದ ದೂರವನ್ನೂ ಕಂಡುಹಿಡಿದಳು. ಕೈಯೆತ್ತಿದ್ದವರಲ್ಲಿ ಅಷ್ಟು ಸ್ಪಷ್ಟವಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಇಲ್ಲದ್ದು ಒಂದು ಪದ ಮಾತ್ರ. ಆದರೆ ಆ ಒಂದು ಪದದ ಕಾರಣಕ್ಕೆ ತಾನು ದಡ್ಡಿ ಎಂದು ತಿಂಗಳುಗಟ್ಟಲೆ ನಂಬಿಕೊಂಡಿರುತ್ತಿದ್ದಳು. ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿಯಲ್ಲಿ ಸೋಲುವುದು ಹೆಚ್ಚಾಗಿ ಇಲ್ಲಿ, ಮೊದಲ ಮೂರು ನಾಲ್ಕು ತಿಂಗಳಲ್ಲಿ, ಈ ಮೌನದಲ್ಲಿ.

ಈ ಪದಗಳ ಸೇತುವೆಯನ್ನು ಈಗಲೇ, ಮನೆಯಲ್ಲೇ, ಖರ್ಚಿಲ್ಲದೆ ಕಟ್ಟಬಹುದು. ಅವಳು ಓದುತ್ತಿರುವ ಗಣಿತ, ವಿಜ್ಞಾನ ಪುಸ್ತಕಗಳ ಇಂಗ್ಲಿಷ್ ಮಾಧ್ಯಮದ ಪ್ರತಿಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ. ಶಾಲೆಯಲ್ಲಿ ಕನ್ನಡದಲ್ಲಿ ಅರ್ಥವಾದ ಪಾಠವನ್ನು ಸಂಜೆ ಇಂಗ್ಲಿಷ್ ಪ್ರತಿಯಲ್ಲಿ ಎರಡು ಪುಟ ಓದಲಿ. 200 ಪುಟದ ಒಂದು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಎಡಕ್ಕೆ ಜವ, ವೇಗ, ಸಂವೇಗ, ವಕ್ರೀಭವನ, ಬಹುಪದೋಕ್ತಿ, ಸಮಾಂತರ ಶ್ರೇಢಿ. ಬಲಕ್ಕೆ ಅದರ ಇಂಗ್ಲಿಷ್ ಹೆಸರು, ಕೆಳಗೆ ತನ್ನದೇ ಒಂದು ವಾಕ್ಯ. ದಿನಕ್ಕೆ ನಾಲ್ಕು ಪದ ಸಾಕು. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಪಿಯುಸಿಯ ಪಾಠ ಕೇಳಲು ಬೇಕಾದ ಶಬ್ದಗಳೆಲ್ಲ ಅವಳ ಕೈಯಲ್ಲಿರುತ್ತವೆ. ಅರ್ಥ ಮೊದಲು ತನ್ನ ಭಾಷೆಯಲ್ಲಿ ನೆಲೆಯೂರಿದರೆ ಹೊಸ ಹೆಸರು ಬೇಗ ಅಂಟಿಕೊಳ್ಳುತ್ತದೆ. ಒಂಬತ್ತನೇ ತರಗತಿಯ ನಡುವೆ ಮಾಧ್ಯಮ ಬದಲಿಸಿದರೆ ಆಗುವುದು ಇದಕ್ಕೆ ತದ್ವಿರುದ್ಧ: ಅರ್ಥವೂ ಹೊಸದು, ಹೆಸರೂ ಹೊಸದು, ಮೇಲೆ ಊರೂ ಹೊಸದು.

ಈಗ ನಿಮಗೆ ಯಾರೂ ಹೇಳದ ವಿಷಯಕ್ಕೆ ಬರುತ್ತೇನೆ. ಮಗಳನ್ನು ಈಗ ಸ್ಥಳಾಂತರಿಸಿದರೆ ಅವಳು ಕಳೆದುಕೊಳ್ಳುವುದು ಏನು ಎಂಬುದು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚುವ ರಾಜ್ಯದ ಎಂಜಿನಿಯರಿಂಗ್ ಮೊದಲಾದ ಸೀಟುಗಳಲ್ಲಿ (ಐಐಟಿಗಳಲ್ಲಲ್ಲ), ಆಯಾ ವರ್ಗದೊಳಗೇ, ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15 ಮತ್ತು ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಎರಡಕ್ಕೂ ಷರತ್ತು ಒಂದೇ ರೀತಿಯದು: ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು, ಪೂರ್ತಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ನಿಮ್ಮ ಮಗಳು ಇಲ್ಲಿಯವರೆಗೆ ಎಂಟು ವರ್ಷ ಮುಗಿಸಿದ್ದಾಳೆ. ಇನ್ನೆರಡು ವರ್ಷ ಇದೇ ಶಾಲೆಯಲ್ಲಿ ಉಳಿದರೆ ಎರಡೂ ಸೌಲಭ್ಯ ಅವಳದು. ದಾವಣಗೆರೆ ನಗರದ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ದಿನವೇ ಎರಡೂ ಹೋಗುತ್ತವೆ, ಮತ್ತೆ ಸಿಗುವುದಿಲ್ಲ. ನಿಮ್ಮ ಶಾಲೆಯಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದು ಅಲ್ಲಿಗೆ ಕರೆದರೂ ಇದನ್ನು ನೆನಪಿಟ್ಟುಕೊಳ್ಳಿ.

ಒಂದು ವರ್ಷ ದಾಖಲೆ ಪರಿಶೀಲನೆಯ ಹೊತ್ತಿಗೆ ಒಬ್ಬ ಹುಡುಗ ತಂದೆಯ ಜೊತೆ ನನ್ನಲ್ಲಿಗೆ ಬಂದಿದ್ದ. ಏಳನೇ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆ, ಎಂಟರಿಂದ ಪಟ್ಟಣದ ಇಂಗ್ಲಿಷ್ ಶಾಲೆ. ಅವನ ಜೊತೆ ಊರಿನಲ್ಲೇ ಉಳಿದು ಓದಿದ ಗೆಳೆಯನಿಗೆ ಇವನಿಗಿಂತ ಹಿಂದಿನ ರ‍್ಯಾಂಕಿನಲ್ಲಿ ಬೆಂಗಳೂರಿನ ಯುವಿಸಿಇಯಲ್ಲಿ ಸೀಟು ಸಿಕ್ಕಿತ್ತು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ ಶುರುವಾದ, ಕಡಿಮೆ ಶುಲ್ಕದ ಸರ್ಕಾರಿ ಎಂಜಿನಿಯರಿಂಗ್ ಸಂಸ್ಥೆ ಅದು. ಈ ತಂದೆ ವ್ಯಾಸಂಗ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು “ಮೂರು ವರ್ಷ ಮೇಷ್ಟ್ರೇ, ಬರೀ ಮೂರು ವರ್ಷ” ಎಂದು ಹೇಳುತ್ತಲೇ ಇದ್ದರು. ಆ ಮೂರು ವರ್ಷಕ್ಕೆ ಅವರು ಹಣವನ್ನೂ ಕಟ್ಟಿದ್ದರು.

ವಿದ್ಯಾರ್ಥಿವೇತನದ್ದೂ ಹಾಗೆಯೇ. ಎನ್‌ಎಂಎಂಎಸ್‌ನ ವರ್ಷಕ್ಕೆ 12,000 ರೂಪಾಯಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಬರುತ್ತದೆ, ಆದರೆ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಓದುವವರಿಗೆ ಮಾತ್ರ. ಖಾಸಗಿ ಶಾಲೆಗೆ ಸೇರಿಸಿದರೆ ಅದು ನಿಲ್ಲುತ್ತದೆ. ಅವಳೇ ಗಳಿಸಿದ ಹಣ ಅದು.

ಸರಿ, ಉಳಿದ ಎರಡು ವರ್ಷದಲ್ಲಿ ಅವಳು ನಿಜವಾಗಿ ಏನು ಮಾಡಬೇಕು? ಗಣಿತ. ಬೇರೆ ಎಲ್ಲದಕ್ಕಿಂತ ಮೊದಲು ಗಣಿತ. ಪಿಯುಸಿಯ ಭೌತಶಾಸ್ತ್ರದಲ್ಲಿ ಮಕ್ಕಳು ಎಡವುವುದನ್ನು ನೋಡುತ್ತಾ ನೋಡುತ್ತಾ ನನಗೆ ಮನವರಿಕೆಯಾದದ್ದು ಇದು: ಹತ್ತರಲ್ಲಿ ಏಳು ಸಲ ತೊಂದರೆ ಭೌತಶಾಸ್ತ್ರದಲ್ಲಿ ಇರುವುದೇ ಇಲ್ಲ. ಭಿನ್ನರಾಶಿ, ಘಾತಾಂಕ, ಸಮೀಕರಣದಲ್ಲಿ ಪದವನ್ನು ಆಚೆ ಕಡೆಗೆ ಒಯ್ಯುವುದು, ಸಮರೂಪ ತ್ರಿಭುಜ, ತ್ರಿಕೋನಮಿತಿ, ಅಂದರೆ ಎಂಟರಿಂದ ಹತ್ತನೇ ತರಗತಿಯ ಗಣಿತದಲ್ಲಿ ಇರುತ್ತದೆ.

ಪಠ್ಯಪುಸ್ತಕದ ಲೆಕ್ಕವನ್ನು ಮಾಡಿದ ಮೇಲೆ ಅಲ್ಲಿಗೇ ನಿಲ್ಲದಿರುವುದು ಹೇಗೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಮಗಳ ಮುಂದಿಡಿ. “2, 5, 8, … ಈ ಶ್ರೇಢಿಯ 20ನೇ ಪದ ಯಾವುದು?” ಎಂಬುದು ಎಸ್‌ಎಸ್‌ಎಲ್‌ಸಿ ಮಟ್ಟದ ಪ್ರಶ್ನೆ. ಸೂತ್ರ ಹಾಕಿದರೆ 59 ಬರುತ್ತದೆ. ಇನ್ನು ಇದನ್ನು ನೋಡಿ: 100 ಮತ್ತು 300ರ ನಡುವೆ 7ರಿಂದ ಭಾಗವಾಗುವ, ಆದರೆ 3ರಿಂದ ಭಾಗವಾಗದ ಸಂಖ್ಯೆಗಳು ಎಷ್ಟು? ಹೊಸ ಸೂತ್ರ ಒಂದೂ ಬೇಡ. 7ರಿಂದ ಭಾಗವಾಗುವವು 105ರಿಂದ 294ರವರೆಗೆ, ಒಟ್ಟು 28. ಅವುಗಳಲ್ಲಿ 3ರಿಂದಲೂ ಭಾಗವಾಗುವವು ಎಂದರೆ 21ರ ಗುಣಕಗಳು, ಅವೂ 105ರಿಂದ 294ರವರೆಗೆ, ಒಟ್ಟು 10. ಕಳೆದರೆ 18. ಎರಡನೇ ಪ್ರಶ್ನೆಗೆ ಬೇಕಾದದ್ದು ಅದೇ ಹತ್ತನೇ ತರಗತಿಯ ಪಾಠ, ಜೊತೆಗೆ ಒಂದು ಕ್ಷಣ ನಿಂತು ಯೋಚಿಸುವ ಅಭ್ಯಾಸ. ಪ್ರವೇಶ ಪರೀಕ್ಷೆಗಳು ಅಳೆಯುವುದು ಆ ಅಭ್ಯಾಸವನ್ನು. ಅದು ಉತ್ತರ ನೋಡದೆ ಒಂದು ಲೆಕ್ಕದ ಜೊತೆ ಕೂತಾಗ ಮಾತ್ರ ಬರುತ್ತದೆ. ಪಠ್ಯಪುಸ್ತಕದ ಲೆಕ್ಕಗಳೆಲ್ಲ ಮುಗಿದ ಮೇಲೆ ಎನ್‌ಸಿಇಆರ್‌ಟಿಯ ಎಕ್ಸೆಂಪ್ಲಾರ್ ಎಂಬ ಅಭ್ಯಾಸ ಲೆಕ್ಕಗಳ ಪುಸ್ತಕ ಹಿಡಿಯಲಿ, ಅದೂ ಉಚಿತವಾಗಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಲೆಕ್ಕ ಓದುವ ರೂಢಿಯೂ ಅದರ ಜೊತೆಗೇ ಆಗುತ್ತದೆ. ದಿನಕ್ಕೆ ಒಂದು ಗಂಟೆ ಸಾಕು. ವಿಜ್ಞಾನ, ಸಮಾಜ, ಭಾಷೆಗಳನ್ನು ಶಾಲೆಯಲ್ಲಿ ಎಲ್ಲರಂತೆ ಓದಲಿ. ಆಟ ಬಿಡಿಸಬೇಡಿ.

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಪಿಯುಸಿ ಶುರುವಾಗುವವರೆಗಿನ ಬೇಸಿಗೆ ಬಹಳ ಅಮೂಲ್ಯ. ಆಗ ಪ್ರಥಮ ಪಿಯುಸಿ ಗಣಿತದ ಮೊದಲ ನಾಲ್ಕು ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿಕೊಂಡರೆ ಜೂನ್‌ನಲ್ಲಿ ಅವಳು ತಲೆ ತಗ್ಗಿಸಬೇಕಾಗುವುದಿಲ್ಲ.

ನಿಮ್ಮ ಬಳಿ ಇರುವ ಹಣ ಖರ್ಚಾಗಬೇಕಾದ ಸಮಯವೆಂದರೆ ಪಿಯುಸಿ. ಅಲ್ಲಿ ದಾರಿಗಳು ಕೆಲವಿವೆ, ಯಾವುದೂ ಅಪಾಯವಿಲ್ಲದ್ದಲ್ಲ. ದೊಡ್ಡ ವಸತಿ ಕಾಲೇಜುಗಳಲ್ಲಿ ಪಿಯು ಪಾಠ ಮತ್ತು ಜೆಇಇ ತರಬೇತಿ ಒಟ್ಟಿಗೇ ನಡೆಯುತ್ತವೆ. ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಸರಿಸಮಾನ ಗೆಳೆಯರು ಸಿಗುತ್ತಾರೆ, ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಹಲವು ಕಡೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯೂ ಉಂಟು. ಆದರೆ ಅಲ್ಲಿ ಮಕ್ಕಳನ್ನು ಅಂಕದ ಮೇಲೆ ವಿಭಾಗ ಮಾಡುವ ಪದ್ಧತಿ ಸಾಮಾನ್ಯ. ಮೇಲಿನ ವಿಭಾಗಕ್ಕೆ ಸಿಗುವ ಗಮನ ಕೆಳಗಿನದಕ್ಕೆ ಸಿಗುವುದಿಲ್ಲ. ಸೇರಿಸುವ ಮೊದಲು ಫಲಕದ ಮೇಲಿನ ರ‍್ಯಾಂಕುಗಳನ್ನು ನೋಡಬೇಡಿ. ಕೆಳಗಿನ ವಿಭಾಗಕ್ಕೆ ಪಾಠ ಮಾಡುವವರು ಯಾರು, ಮಕ್ಕಳು ಎಷ್ಟು ಗಂಟೆ ಮಲಗುತ್ತಾರೆ, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸು ಕೊಡುತ್ತಾರೆಯೇ ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಬರೆದುಕೊಡಲು ಹೇಳಿ.

ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಒಂದು ವಿಷಯಕ್ಕೆ ಮಾತ್ರ ಟ್ಯೂಷನ್ ಹಾಕುವುದು ಇನ್ನೊಂದು ದಾರಿ. ಹಣ ಉಳಿಯುತ್ತದೆ, ವಿದ್ಯಾರ್ಥಿವೇತನವೂ ಮುಂದುವರಿಯುತ್ತದೆ. ಆದರೆ ಎಲ್ಲ ವಿಷಯಕ್ಕೂ ಉಪನ್ಯಾಸಕರು ಇದ್ದಾರೆಯೇ ಎಂದು ಮೊದಲೇ ಹೋಗಿ ನೋಡಿಕೊಳ್ಳಬೇಕು. ಖಾಲಿ ಹುದ್ದೆ ಇರುವ ಕಡೆ ಸೇರಿಸಿ ಆಮೇಲೆ ಮಗುವನ್ನು ದೂರಬಾರದು. ಜವಾಹರ ನವೋದಯ ವಿದ್ಯಾಲಯದಲ್ಲಿ ಹನ್ನೊಂದನೇ ತರಗತಿಗೂ ಪ್ರವೇಶ ಇರುತ್ತದೆ. ಊಟ, ವಸತಿ, ಪಾಠ ಒಳ್ಳೆಯದು. ಸೀಟು ಕಡಿಮೆ, ಆದರೆ ಅರ್ಜಿ ಹಾಕಲು ಏನೂ ಹೋಗುವುದಿಲ್ಲ.

ಹೈದರಾಬಾದ್, ವಿಜಯವಾಡ, ಕೋಟಾಕ್ಕೆ ಕಳುಹಿಸಿ ಎಂದು ಯಾರಾದರೂ ಹೇಳಿದರೆ ಒಂದು ಮಾತು ನೆನಪಿಡಿ. ಸುರತ್ಕಲ್‌ನ ಎನ್‌ಐಟಿಯಲ್ಲಿ, ಅಂದರೆ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ, ಅರ್ಧದಷ್ಟು ಸೀಟು ಕರ್ನಾಟಕದವರಿಗೆ. ಕರ್ನಾಟಕದವರು ಎಂದರೆ ಯಾರು ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಮನೆಯ ವಿಳಾಸದಿಂದಲ್ಲ, ಹನ್ನೆರಡನೇ ತರಗತಿ ಪಾಸಾದದ್ದು ಯಾವ ರಾಜ್ಯದಲ್ಲಿ ಎಂಬುದರಿಂದ. ಆಂಧ್ರದಲ್ಲಿ ಪರೀಕ್ಷೆ ಬರೆದ ಹೊಸದುರ್ಗದ ಹುಡುಗಿ ಆ ಲೆಕ್ಕದಲ್ಲಿ ಆಂಧ್ರದವಳೇ ಆಗುತ್ತಾಳೆ.

ಐಐಟಿ ಒಂದೇ ಬಾಗಿಲು ಎಂದು ಅವಳ ತಲೆಯಲ್ಲಿ ಕೂರಲು ಬಿಡಬೇಡಿ. ಜೆಇಇ ಮೇನ್ ಬರೆಯುವವರು ಹತ್ತು ಲಕ್ಷಕ್ಕೂ ಹೆಚ್ಚು, 23 ಐಐಟಿಗಳಲ್ಲಿ ಸೇರಿ ಸೀಟು ಸುಮಾರು 18 ಸಾವಿರ. ಅಡ್ವಾನ್ಸ್ಡ್ ಬರೆಯಲು ಅವಕಾಶ ಸತತ ಎರಡು ವರ್ಷ ಮಾತ್ರ. ಹುಡುಗಿಯರಿಗಾಗಿ 2018ರಿಂದ ಹೆಚ್ಚುವರಿ ಸೀಟುಗಳಿವೆ, ಅದು ಸಣ್ಣ ನೆರವಲ್ಲ. ಆದರೂ ಆ ಬಾಗಿಲು ಕಿರಿದು. ಗಣಿತವನ್ನು ಇಷ್ಟು ಪ್ರೀತಿಸುವ ಹುಡುಗಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ, ತಿರುಪತಿ, ಪುಣೆ ಮೊದಲಾದ ಏಳು ಕಡೆ ಇರುವ, ವಿಜ್ಞಾನ ಕಲಿಸುವ ಕೇಂದ್ರ ಸಂಸ್ಥೆಗಳಾದ ಐಸರ್‌ಗಳು, ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದ ಗಣಿತ ಪದವಿ, ಚೆನ್ನೈನ ಗಣಿತ ಸಂಸ್ಥೆ ಇವೆಲ್ಲ ಇವೆ. ಐಸರ್‌ಗಳು ತಮ್ಮದೇ ಅಭಿರುಚಿ ಪರೀಕ್ಷೆ ನಡೆಸುತ್ತವೆ: ಮೂರು ಗಂಟೆ, 60 ಪ್ರಶ್ನೆ. ಜೆಇಇಯ ಓಟಕ್ಕಿಂತ ಅಲ್ಲಿ ಯೋಚಿಸಲು ಸಮಯ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಈ ಹೆಸರುಗಳನ್ನು ಕೇಳಿದವರೇ ಕಡಿಮೆ ಎಂಬುದು ನನ್ನ ದೊಡ್ಡ ಕೊರಗು. ಇನ್ನು ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಜೆಇಇಯ ಗುಂಗಿನಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿದವರು ಎರಡೂ ಕಡೆ ಪೆಟ್ಟು ತಿನ್ನುತ್ತಾರೆ. ಐಐಟಿಗೂ ಹನ್ನೆರಡರಲ್ಲಿ ಶೇ. 75 ಬೇಕು, ಇಲ್ಲವೇ ಬೋರ್ಡಿನ ಮೇಲಿನ ಐದನೇ ಒಂದು ಭಾಗದಲ್ಲಿರಬೇಕು; ಪರಿಶಿಷ್ಟರಿಗೆ ಶೇ. 65.

ಹಣದ ಚಿಂತೆಗೆ ಒಂದು ಮಾತು. ಐಐಟಿಯ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ ಎಂದು ಕೇಳಿ ಹೆದರಬೇಡಿ. ಕುಟುಂಬದ ವರಮಾನ 1 ಲಕ್ಷದೊಳಗಿದ್ದರೆ ಪೂರ್ತಿ ಮನ್ನಾ, 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡು ಭಾಗ ಮನ್ನಾ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಪೂರ್ತಿ ಮನ್ನಾ. ಸೀಟು ಸಿಕ್ಕ ಮೇಲೆ ಹಣದ ದಾರಿ ಇದೆ. ಸೀಟು ಸಿಗುವ ಮೊದಲೇ ತೋಟ ಅಡವಿಟ್ಟರೆ ಆ ಸಾಲದ ಭಾರ ಮಗಳ ಎದೆಯ ಮೇಲೆ ಕೂರುತ್ತದೆ. ಒಂದು ಟೆಸ್ಟಿನಲ್ಲಿ ಅಂಕ ಕಡಿಮೆ ಬಂದಾಗ ಅವಳಿಗೆ ಕಾಣುವುದು ತಪ್ಪಾದ ಲೆಕ್ಕವಲ್ಲ, ನಿಮ್ಮ ತೆಂಗಿನ ಮರಗಳು. ಅಂಥ ಮಕ್ಕಳನ್ನು ನಾನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಸಮಾಧಾನ ಮಾಡಿದ್ದೇನೆ, ಆ ಮಾತು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಕಾಗದಪತ್ರಗಳ ಕೆಲಸ ನಿಮ್ಮ ಯಜಮಾನರದ್ದಾಗಲಿ. ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಮಗಳ ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ಎಂದು ಹತ್ತನೇ ತರಗತಿಯ ನೋಂದಣಿಗೆ ಮುಂಚೆ ನೋಡಲಿ. ಆಮೇಲೆ ತಿದ್ದಿಸುವುದು ಬಹಳ ಕಷ್ಟ. ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರಗಳನ್ನು ಮುಖ್ಯೋಪಾಧ್ಯಾಯರಿಂದ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಿಟ್ಟುಕೊಳ್ಳಲಿ. ರಾಜ್ಯದಲ್ಲಿ 2ಎ, 3ಎ, 3ಬಿ ಎಂಬ ಹಿಂದುಳಿದ ವರ್ಗಗಳಲ್ಲಿರುವ ಎಲ್ಲರೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರುವುದಿಲ್ಲ, ಐಐಟಿಯಂಥ ಕೇಂದ್ರ ಸಂಸ್ಥೆಗಳಲ್ಲಿ ಲೆಕ್ಕಕ್ಕೆ ಬರುವುದು ಆ ಪಟ್ಟಿ. ಇಲ್ಲದವರು ವರಮಾನ 8 ಲಕ್ಷದೊಳಗಿದ್ದು ಜಮೀನು 5 ಎಕರೆಗಿಂತ ಕಡಿಮೆ ಇದ್ದರೆ ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರ ಕೇಳಬಹುದು. ನಿಮ್ಮದು ಮೂರೂವರೆ ಎಕರೆ ಎಂದಿದ್ದೀರಿ, ನಾಡಕಚೇರಿಯಲ್ಲಿ ವಿಚಾರಿಸಲಿ.

ಕೊನೆಗೆ ಮಗಳ ನಿಧಾನದ ಬಗ್ಗೆ. ಒಂದು ಲೆಕ್ಕದ ಮುಂದೆ ಅರ್ಧ ಗಂಟೆ ಕೂರುವುದನ್ನು ನೀವು ದೋಷವೆಂಬಂತೆ ಬರೆದಿದ್ದೀರಿ. ಹಾಗೆ ಕೂರಬಲ್ಲ ಮಕ್ಕಳು ಪಿಯುಸಿಯಲ್ಲೂ ನನಗೆ ವರ್ಷಕ್ಕೆ ಒಬ್ಬರೋ ಇಬ್ಬರೋ ಸಿಗುತ್ತಿದ್ದರು. ವೇಗ ದ್ವಿತೀಯ ಪಿಯುಸಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವಾಗ ಬರುತ್ತದೆ. ಹೀಗೆ ಕೂರುವುದನ್ನು ಮಾತ್ರ ಆಗ ಹೊಸದಾಗಿ ಕಲಿಸಲು ನಮ್ಮಿಂದ ಆಗುತ್ತಿರಲಿಲ್ಲ. ಅವಳ ಪ್ರಶ್ನೆಗೆ ನನ್ನ ಉತ್ತರ: ಆಗುತ್ತದೆ ಮಗಳೇ, ಇದೇ ಊರಿನಿಂದ ಆಗುತ್ತದೆ. ಐಐಟಿಯೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ, ಯಾರೂ ಕೊಡಲಾರರು. ಒಳ್ಳೆಯ ಕಡೆ ಓದುವಷ್ಟು ಗಣಿತ ನಿನಗೆ ಬರುತ್ತದೆ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಮುಂದಿನ ಸಲ ಬರೆಯುವಾಗ, ಅವಳು ಅರ್ಧ ಗಂಟೆ ಕೂತೂ ಬಿಡಿಸಲಾಗದ ಒಂದು ಲೆಕ್ಕವನ್ನು ಅವಳ ಕೈಬರಹದಲ್ಲೇ ಜೊತೆಗೆ ಕಳುಹಿಸಿ. ಹೊಡೆದು ಹಾಕಿದ ಸಾಲುಗಳೂ ಹಾಗೇ ಇರಲಿ.